‘ಅವರದೇ ಕೋಶ, ದೇಹ ತಿರಸ್ಕರಿಸೋದೇ ಇಲ್ಲ’: ಈ ಮಾತನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು. ಅಪ್ಪನಿಗೆ 72 ವರ್ಷ. ರಾಯಚೂರಿನಲ್ಲಿ ಓಸಿಟಿ (ರೆಟಿನಾದ ಪದರಗಳನ್ನು ತೋರಿಸುವ) ಸ್ಕ್ಯಾನ್ ಮಾಡಿಸಿದಾಗ ಬಲಗಣ್ಣಿಗೆ ‘ವೆಟ್ ಎಎಂಡಿ, ಹಳೇ ಕಲೆ’ ಎಂದೂ ಎಡಗಣ್ಣಿಗೆ ‘ಡ್ರೈ ಎಎಂಡಿ, ಜಿಯಾಗ್ರಫಿಕ್ ಅಟ್ರೋಫಿ, ನಡುಬಿಂದು ಉಳಿದಿದೆ’ ಎಂದೂ ಬರೆದುಕೊಟ್ಟಿದ್ದಾರೆ. (ಎಎಂಡಿ ಎಂದರೆ ವಯಸ್ಸಾದಂತೆ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದ ಬೆಳಕು ಹಿಡಿಯುವ ಪರದೆಯ, ನಡುಭಾಗ ಕೆಡುವ ಕಾಯಿಲೆ. ಸೋರುವ ರಕ್ತನಾಳ ನುಗ್ಗಿದ್ದರೆ ವೆಟ್, ಇಲ್ಲದಿದ್ದರೆ ಡ್ರೈ.) ಬಲಗಣ್ಣಿಗೆ ಬೆರಳು ಎಣಿಸುವಷ್ಟೇ ಕಾಣುತ್ತದೆ, ಎಡಗಣ್ಣು 6/18 (ಒಳ್ಳೆಯ ಕಣ್ಣಿಗೆ 18 ಮೀಟರಿನಿಂದ ಕಾಣುವುದು 6 ಮೀಟರಿಗೆ ಬಂದರಷ್ಟೇ ಕಾಣುತ್ತದೆ). ಸಕ್ಕರೆ ಕಾಯಿಲೆ 12 ವರ್ಷದಿಂದ ಇದೆ. 2009ರಲ್ಲಿ ಟಿಬಿಗೆ ಆರು ತಿಂಗಳು ಮಾತ್ರೆ ನುಂಗಿದ್ದಾರೆ. ಪರಿಚಯದವರ ಮೂಲಕ ಒಂದು ಕ್ಲಿನಿಕ್‌ನವರು, ಹೊಟ್ಟೆಯ ಕೊಬ್ಬಿನಿಂದ ಕಾಂಡಕೋಶ (ಸ್ಟೆಮ್ ಸೆಲ್) ತೆಗೆದು ಅದೇ ದಿನ ಎರಡೂ ಕಣ್ಣಿಗೆ ಚುಚ್ಚುತ್ತೇವೆ, ನಾಲ್ಕು ಲಕ್ಷ ಆಗುತ್ತದೆ, ಅವರದೇ ಕೋಶವಾದ್ದರಿಂದ ದೇಹ ತಿರಸ್ಕರಿಸುವುದೇ ಇಲ್ಲ ಎನ್ನುತ್ತಿದ್ದಾರೆ. ಬೆಂಗಳೂರಿನಲ್ಲಿ ಲ್ಯಾಬಿನಲ್ಲೇ ರೆಟಿನಾ ಕೋಶ ಬೆಳೆಸುತ್ತಾರೆ ಅಂತಲೂ ಓದಿದೆವು. ಆದರೆ ಅದು ಬೇರೆಯವರ ಕೋಶವಂತೆ. ಬೇರೆಯವರದ್ದನ್ನು ದೇಹ ಸುಮ್ಮನೆ ಬಿಡುತ್ತದೆಯೇ? ನಾವು ಯಾವುದನ್ನು ನಂಬಬೇಕು?

ಉತ್ತರ: ಮೊದಲು ಅವಸರದ ಮಾತು ಮುಗಿಸಿಬಿಡೋಣ. ಅಡ್ವಾನ್ಸ್ ಕೊಟ್ಟಿರದಿದ್ದರೆ ಕೊಡಬೇಡಿ. ಕೊಟ್ಟಿದ್ದರೆ, ಆ ದುಡ್ಡು ಹಾಳಾಗುತ್ತದಲ್ಲ ಎಂದು ಕಣ್ಣು ಕೊಡಲು ಹೋಗಬೇಡಿ. ನಿಮ್ಮ ತಂದೆಯ ಓದು, ನಡಿಗೆ, ಊಟದ ತಟ್ಟೆ ಎಲ್ಲವೂ ಈಗ ಎಡಗಣ್ಣೊಂದನ್ನೇ ನೆಚ್ಚಿಕೊಂಡಿವೆ. ಪೊರೆ (ಕ್ಯಾಟರಾಕ್ಟ್) ತೆಗೆಯುವಂಥ ದಿನನಿತ್ಯದ ಆಪರೇಷನ್ನಿನಲ್ಲೂ ಸಾಮಾನ್ಯವಾಗಿ ಒಂದು ಕಣ್ಣು ಮಾಡಿ, ಅದು ವಾಸಿಯಾದ ಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಾರೆ. ಅಕಸ್ಮಾತ್ ಸೋಂಕು ತಗುಲಿದರೂ ಇನ್ನೊಂದು ಕಣ್ಣು ಉಳಿಯಲಿ ಎಂಬ ಲೆಕ್ಕ ಅದು. ಸಾಬೀತಾಗದ ಚಿಕಿತ್ಸೆಯನ್ನು ಒಂದೇ ದಿನ ಎರಡೂ ಕಣ್ಣಿಗೆ ಮಾಡುತ್ತೇವೆನ್ನುವವರು ಆ ಲೆಕ್ಕವನ್ನೇ ಹಾಕಿಲ್ಲ.

‘ಅವರದೇ ಕೋಶ’ ಎನ್ನುವುದೇನೋ ಸುಳ್ಳಲ್ಲ. ಸ್ವಂತ ಕೊಬ್ಬಿನ ಕೋಶವನ್ನು ದೇಹ ಹೊರಹಾಕದೇ ಇರಬಹುದು. ಹಾಗೆ ಉಳಿದುಕೊಂಡ ಕೋಶ ಕಣ್ಣೊಳಗೆ ಕೂತು ಏನು ಮಾಡುತ್ತದೆ ಎಂದು ಮಾತ್ರ ಅವರು ನಿಮಗೆ ಹೇಳಿಲ್ಲ. ಅದು ಗೊತ್ತಾಗಬೇಕಾದರೆ ಎಡಗಣ್ಣಿನಲ್ಲಿ ಕೆಟ್ಟಿರುವ ಭಾಗ ಯಾವುದೆಂದು ನೋಡಬೇಕು.

ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳ ಅಡಿಯಲ್ಲಿ, ಆರು ಮೂಲೆಯ ಹೆಂಚು ಜೋಡಿಸಿದ ಹಾಗೆ, ಕಂದು ಬಣ್ಣದ ಕೋಶಗಳ ಒಂದೇ ಒಂದು ಪದರ ಇರುತ್ತದೆ. ಅದರ ಹೆಸರು ರೆಟಿನಲ್ ಪಿಗ್ಮೆಂಟ್ ಎಪಿಥೀಲಿಯಂ. ಡಾಕ್ಟರು ಆರ್‌ಪಿಇ ಎನ್ನುತ್ತಾರೆ. ಬೆಳಕುಕೋಶಗಳು ತಮ್ಮ ತುದಿಯ ಸುಮಾರು ಹತ್ತನೇ ಒಂದು ಭಾಗವನ್ನು ದಿನಾ ಉದುರಿಸುತ್ತವೆ. ಆ ಕಸ ನುಂಗಿ ಅರಗಿಸುವುದು, ಕೆಳಗಿನ ರಕ್ತನಾಳಗಳಿಂದ ಆಹಾರ ಎತ್ತಿಕೊಡುವುದು, ರಕ್ತದಿಂದ ಬರಬಾರದ್ದನ್ನು ತಡೆಯುವುದು, ಎಲ್ಲ ಚಾಕರಿಯೂ ಆರ್‌ಪಿಇಯದೇ. ದೊಡ್ಡವರ ಕಣ್ಣಿನಲ್ಲಿ ಸತ್ತ ಆರ್‌ಪಿಇಯ ಜಾಗಕ್ಕೆ ಹೊಸದು ಹುಟ್ಟಿ ಬರುವುದಿಲ್ಲ. ಅರಗದೆ ಉಳಿದ ಕಸ ಪದರದ ಕೆಳಗಿನ ಬ್ರುಕ್ ಪೊರೆಯ ಮೇಲೆ ಡ್ರೂಸೆನ್ ಎಂಬ ಹಳದಿ ಗುಡ್ಡೆಗಳಾಗಿ ಕೂರುತ್ತದೆ. ವರ್ಷಗಳು ಕಳೆದಂತೆ ಪದರ ಅಲ್ಲಲ್ಲಿ ಬೋಳು ಬೀಳುತ್ತದೆ, ಬೋಳು ಬಿದ್ದ ಕಡೆ ಮೇಲಿನ ಬೆಳಕುಕೋಶಗಳೂ ಸಾಯುತ್ತವೆ. ನಕಾಶೆಯಲ್ಲಿ ಗಡಿ ಬರೆದಂತೆ ಕಾಣುವ ಈ ಬೋಳಿಗೇ ಜಿಯಾಗ್ರಫಿಕ್ ಅಟ್ರೋಫಿ ಎನ್ನುವುದು. (ರಾಯಚೂರಿನ ಬಿಸಿಲಿಗೆ, ಬಳ್ಳಾರಿಯ ಗಣಿ ಧೂಳಿಗೆ ಹೀಗಾಯಿತೇ ಎಂದು ಕೇಳುವವರಿದ್ದಾರೆ. ವಯಸ್ಸು, ವಂಶ, ಬೀಡಿ–ಸಿಗರೇಟು, ಈ ಮೂರರ ಪಾಲು ಖಚಿತ. ಬಿಸಿಲಿನ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ.)

ಹಾಗಾದರೆ ಹಾಕಬೇಕಾದದ್ದು ಆರ್‌ಪಿಇ ಕೋಶ. ಹಾಕಬೇಕಾದ ಜಾಗ ರೆಟಿನಾದ ಕೆಳಗೆ. ನಿಮಗೆ ಹೇಳಿರುವ ಚಿಕಿತ್ಸೆಯಲ್ಲಿ ಇವೆರಡೂ ಇಲ್ಲ. ಕೊಬ್ಬಿನಿಂದ ಬರುವುದು ಕೊಬ್ಬು, ಮೂಳೆ, ನಾರು ಆಗಬಲ್ಲ ಕೋಶಗಳ ಮಿಶ್ರಣ. ಕಣ್ಣೊಳಗೆ ಸುರಿದ ಮಾತ್ರಕ್ಕೆ ಅದು ಆರ್‌ಪಿಇ ಆಗುವುದಿಲ್ಲ. ಚುಚ್ಚುವುದು ಕಣ್ಣಿನ ನಡುವೆ ಲೋಳೆ ತುಂಬಿರುವ ವಿಟ್ರಿಯಸ್‌ಗೆ. ಅಲ್ಲಿ ಈ ಕೋಶಗಳು ನಾರಿನ ಪೊರೆ ಕಟ್ಟಬಲ್ಲವು. ಗಾಯ ಮಾಗುವಾಗ ಚರ್ಮ ಬಿಗಿಯುವಂತೆ ಆ ಪೊರೆಯೂ ಕುಗ್ಗುತ್ತದೆ, ಕುಗ್ಗುತ್ತ ರೆಟಿನಾವನ್ನು ಎಳೆದು ಕಿತ್ತುಬಿಡುತ್ತದೆ. 2017ರ ಮಾರ್ಚ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಇಂಥದೇ ಮೂರು ಪ್ರಕರಣ ಪ್ರಕಟಿಸಿತು: ಅಮೆರಿಕದ ಫ್ಲಾರಿಡಾ, 72ರಿಂದ 88 ವರ್ಷದ ಮೂವರು ಹೆಂಗಸರು, ಕಾಯಿಲೆ ಎಎಂಡಿ, ಸ್ವಂತ ಹೊಟ್ಟೆಯ ಕೊಬ್ಬು, ಎರಡೂ ಕಣ್ಣಿಗೆ ಇಂಜೆಕ್ಷನ್, ತಲಾ 5,000 ಡಾಲರ್ ಶುಲ್ಕ. ಒಳಗೆ ರಕ್ತಸ್ರಾವವಾಗಿ, ರೆಟಿನಾ ಕಳಚಿ, ವರ್ಷದ ಹೊತ್ತಿಗೆ ಅವರ ದೃಷ್ಟಿ 6/60ರಿಂದ ಹಿಡಿದು ಬೆಳಕೂ ಕಾಣದ ಮಟ್ಟಕ್ಕೆ ಇಳಿದಿತ್ತು. ಆ ಕಣ್ಣುಗಳನ್ನು ಹಾಳು ಮಾಡಿದ್ದು ತಿರಸ್ಕಾರ ಅಲ್ಲ. ದೇಹ ಆ ಕೋಶಗಳನ್ನು ಬೇಗ ತಿರಸ್ಕರಿಸಿದ್ದರೇ ಒಳ್ಳೆಯದಿತ್ತೇನೋ.

ಲ್ಯಾಬಿನಲ್ಲಿ ಬೆಳೆಸುವ ಆರ್‌ಪಿಇಯ ದಾರಿಯೇ ಬೇರೆ. ಒಬ್ಬರ ರಕ್ತ ಅಥವಾ ಚರ್ಮದ ಕೋಶವನ್ನು ಹಿಂದಕ್ಕೆ ತಿರುಗಿಸಿ, ಭ್ರೂಣದ ಮೊದಲ ದಿನಗಳ ಸ್ಥಿತಿಗೆ ತರುತ್ತಾರೆ. ಇದಕ್ಕೆ ಐಪಿಎಸ್ ಕೋಶ ಎಂದು ಹೆಸರು. ಅಲ್ಲಿಂದ ಮುಂದಕ್ಕೆ ನಡೆಸಿ ಕಣ್ಣಿನ ಕೋಶ ಮಾಡಿಸಬೇಕು. ಹದಕ್ಕೆ ಬರಲು ಮೂರು ತಿಂಗಳ ಆಸುಪಾಸು ಬೇಕು. ಬಣ್ಣ ಕಟ್ಟಿತೇ, ಹೆಂಚಿನ ಜೋಡಣೆ ಬಂತೇ, ಕೋಶ–ಕೋಶದ ನಡುವಿನ ಬೆಸುಗೆ ಬಿಗಿಯಾಗಿದೆಯೇ, ಉದುರಿದ ತುದಿಗಳನ್ನು ನುಂಗುತ್ತದೆಯೇ ಎಂದು ಒಂದೊಂದನ್ನೂ ಪರೀಕ್ಷಿಸುತ್ತಾರೆ. ಭ್ರೂಣದಂಥ ಆ ಸ್ಥಿತಿಯಲ್ಲೇ ಉಳಿದ ಕೋಶ ಒಂದಿಷ್ಟು ಸೇರಿಕೊಂಡರೂ ಗಡ್ಡೆಯ ಭಯ ಇರುವುದರಿಂದ ಅದಕ್ಕೆ ಪ್ರತ್ಯೇಕ ಶೋಧ. ವರ್ಣತಂತು, ಬ್ಯಾಕ್ಟೀರಿಯಾ, ಮೈಕೋಪ್ಲಾಸ್ಮಾ ಎಂಬ ಅತಿಸಣ್ಣ ಸೂಕ್ಷ್ಮಾಣು, ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾ ವಿಷ, ಇವುಗಳ ಪರೀಕ್ಷೆ ಬೇರೆ. ಬೆಳಿಗ್ಗೆ ಕೊಬ್ಬು ತೆಗೆದು ಮಧ್ಯಾಹ್ನ ಚುಚ್ಚುವವರಿಗೆ ಇದರಲ್ಲಿ ಒಂದನ್ನೂ ಮಾಡಲು ಪುರುಸೊತ್ತಿಲ್ಲ.

ಒಳಗೆ ಹಾಕುವುದರಲ್ಲಿ ಎರಡು ಪದ್ಧತಿ. ತುಂಗಭದ್ರಾ ಕಾಲುವೆ ಕೆಳಗೆ ಭತ್ತ ಮಾಡುವ ನಿಮಗೆ ಗದ್ದೆಯ ಮಾತಿನಲ್ಲಿ ಹೇಳಿದರೇ ಬೇಗ ತಿಳಿದೀತು. ಕೋಶಗಳನ್ನು ಬಿಡಿಬಿಡಿಯಾಗಿ ದ್ರವದಲ್ಲಿ ತೇಲಿಸಿ ಬಿಡುವುದು ಚೆಲ್ಲು ಬಿತ್ತನೆ. ತೆಳು ಹಾಳೆಯ ಮೇಲೆ ಪದರವಾಗಿ ಬೆಳೆಸಿ ಹಾಳೆ ಸಮೇತ ಕೂರಿಸುವುದು ಚಾಪೆ ಸಸಿಯ ನಾಟಿ. ಚೆಲ್ಲಿದ್ದು ಎಲ್ಲಿ ಬೀಳುತ್ತದೆ, ಎಷ್ಟು ಬೇರು ಬಿಡುತ್ತದೆ ಎಂಬುದು ಕೈಯಲ್ಲಿಲ್ಲ, ಆದರೆ ಗಾಯ ಸಣ್ಣದು: ಮೊದಲು ವಿಟ್ರಿಯಸ್ ಲೋಳೆ ತೆಗೆದು, ಸುಮಾರು 0.1 ಮಿಲಿಮೀಟರ್ ದಪ್ಪದ ಕೊಳವೆಯನ್ನು ಕಾಲು ಮಿಲಿಮೀಟರ್ ದಪ್ಪದ ರೆಟಿನಾದ ಮೂಲಕ ತೂರಿಸಿ, ಅಡಿಯಲ್ಲಿ ನೀರಿನ ಗುಳ್ಳೆ ಎಬ್ಬಿಸಿ ಅದರೊಳಗೆ ಕೋಶ ಬಿಡುತ್ತಾರೆ. ಹಾಳೆ ಕೂರಿಸಲು ರೆಟಿನಾವನ್ನು ಮಿಲಿಮೀಟರುಗಟ್ಟಲೆ ಕೊಯ್ಯಬೇಕು. ಎರಡಕ್ಕೂ ನೆಲದ ತೊಂದರೆ ಒಂದೇ. ಕಾಲುವೆಯ ಕೊನೇ ಭಾಗದ ಸವಳು ಭೂಮಿಯಲ್ಲಿ ಎಂಥ ಸಸಿ ನಟ್ಟರೂ ಹೇಗೆ ಏಳುವುದಿಲ್ಲವೋ, ಎಪ್ಪತ್ತು ವರ್ಷದ ಕೊಬ್ಬು–ಕಸ ಹಿಡಿದು ಗಟ್ಟಿಯಾದ ಬ್ರುಕ್ ಪೊರೆಯ ಮೇಲೆ ಹೊಸ ಕೋಶಕ್ಕೂ ಹಾಗೇ ಕಷ್ಟ. ಹಾಳೆಯ ಪಕ್ಷದವರು ತಮ್ಮ ನೆಲವನ್ನು ತಾವೇ ಹೊತ್ತು ತರುತ್ತೇವೆನ್ನುವುದು ಇದಕ್ಕೇ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಬೇರೆಯವರ ಕೋಶವನ್ನು ದೇಹ ಸುಮ್ಮನೆ ಬಿಡುತ್ತದೆಯೇ?

ಹೆಚ್ಚುಕಡಿಮೆ ಎಲ್ಲ ಕೋಶಗಳ ಮೈಮೇಲೂ ಎಚ್‌ಎಲ್‌ಎ ಎಂಬ ಗುರುತಿನ ಚೀಟಿಗಳಿರುತ್ತವೆ. ರಕ್ತದ ಟಿ ಕೋಶಗಳು ಅವನ್ನು ತಡವಿ ನೋಡುತ್ತವೆ. ಚೀಟಿ ಪರಕೀಯವಾದರೆ ದಾಳಿ. ಕಿಡ್ನಿ ಕಸಿಯಲ್ಲಿ ಜೀವನಪೂರ್ತಿ ಮಾತ್ರೆ ನುಂಗಬೇಕಾಗುವುದು ಇದರಿಂದಲೇ. ಕಣ್ಣಿಗೆ ಮಾತ್ರ ಒಂದಿಷ್ಟು ರಿಯಾಯಿತಿ ಇದೆ. ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡವಾರ್ 1948ರಲ್ಲೇ ಗಮನಿಸಿದ್ದ ಸಂಗತಿ ಇದು: ಕಣ್ಣೊಳಗೆ ಇಟ್ಟ ಪರಕೀಯ ಅಂಗಾಂಶ ಚರ್ಮದಲ್ಲಿಟ್ಟದ್ದಕ್ಕಿಂತ ಹೆಚ್ಚು ದಿನ ಬಾಳುತ್ತದೆ. ರೆಟಿನಾದ ರಕ್ತನಾಳಗಳ ಗೋಡೆ ಒಂದು ಬೇಲಿ, ಆರ್‌ಪಿಇ ಪದರ ಇನ್ನೊಂದು. ಇವನ್ನು ದಾಟಿ ಟಿ ಕೋಶ ಸುಲಭವಾಗಿ ಒಳಬರಲಾರದು. ಬಂದದ್ದನ್ನೂ ಆರ್‌ಪಿಇ ಕೋಶ ಟಿಜಿಎಫ್–ಬೀಟಾದಂಥ ರಸ ಸ್ರವಿಸಿ, ಪಿಡಿ–ಎಲ್1 ಎಂಬ ಪ್ರೋಟೀನು ಮುಂದೊಡ್ಡಿ ತಣ್ಣಗಾಗಿಸುತ್ತದೆ. ಲ್ಯಾಬಿನಲ್ಲಿ ಬೆಳೆದ ಒಳ್ಳೆಯ ಆರ್‌ಪಿಇಗೂ ಈ ಗುಣ ಇದೆ. ಎಂದರೆ ನಟ್ಟ ಸಸಿಯೇ ಸ್ವಲ್ಪಮಟ್ಟಿಗೆ ಕಾವಲುಗಾರ ಕೂಡ.

ಆದರೆ ರಿಯಾಯಿತಿ ಇರುವುದು ಬೇಲಿ ಗಟ್ಟಿ ಇರುವ ತನಕ. ನಿಮ್ಮ ತಂದೆಯ ಕಾಯಿಲೆಯಲ್ಲಿ ಹಾಳಾಗಿರುವುದು ಆ ಬೇಲಿಯೇ. ವೆಟ್ ಎಎಂಡಿಯಲ್ಲಿ ಕೆಳಗಿನಿಂದ ಸೋರುವ ರಕ್ತನಾಳ ನುಗ್ಗಿರುತ್ತದೆ. ಆಪರೇಷನ್ ಸ್ವತಃ ಇನ್ನೊಂದು ತೂತು ಮಾಡುತ್ತದೆ. ಬಿಡಿ ಕೋಶಗಳಲ್ಲಿ ಒಂದಷ್ಟು ಸೂಜಿಯಲ್ಲೇ ಸಾಯುತ್ತವೆ. ಸತ್ತ ಕೋಶದ ವಾಸನೆಗೆ ರೆಟಿನಾದೊಳಗಿನ ಮೈಕ್ರೋಗ್ಲಿಯಾ ಎಂಬ ಕಾವಲುಕೋಶಗಳು ಓಡಿ ಬರುತ್ತವೆ. ಉರಿಯೂತ ಎದ್ದಾಗ ಹೊರಬರುವ ಇಂಟರ್‌ಫೆರಾನ್–ಗಾಮಾ, ಅಲ್ಲಿಯವರೆಗೆ ತೆಪ್ಪಗಿದ್ದ ಆರ್‌ಪಿಇಯ ಮೈಮೇಲೆ ಎರಡನೇ ವರ್ಗದ ಎಚ್‌ಎಲ್‌ಎ ಚೀಟಿಗಳನ್ನೂ ಎಬ್ಬಿಸುತ್ತದೆ. ಆಗ ಟಿ ಕೋಶಗಳ ಕಣ್ಣಿಗೆ ಅದು ಎದ್ದು ಕಾಣುತ್ತದೆ. ತಿರಸ್ಕಾರ ಶುರುವಾಗುವುದು ಹೀಗೆ.

ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಡೆದಿದೆ? ಮೂರು ದಾರಿಯಲ್ಲೂ ನಡೆದು ನೋಡಿದವರಿದ್ದಾರೆ.

ಮೊದಲನೆಯದು ಸ್ವಂತ ಕೋಶದ ದಾರಿ, ಈ ಸಲ ನಿಜವಾದ ಆರ್‌ಪಿಇ. 2014ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಕೋಬೆಯಲ್ಲಿ ಮಸಾಯೊ ತಕಾಹಾಶಿ ಅವರ ತಂಡ, ವೆಟ್ ಎಎಂಡಿ ಇದ್ದ 77 ವರ್ಷದ ಹೆಂಗಸಿಗೆ ಅವರದೇ ಚರ್ಮದಿಂದ ಬೆಳೆಸಿದ 1.3 × 3 ಮಿಲಿಮೀಟರ್ ಹಾಳೆ ಕೂರಿಸಿತು. ತಿರಸ್ಕಾರ ತಡೆಯುವ ಮಾತ್ರೆ ಕೊಡಲಿಲ್ಲ. ಒಂದು ವರ್ಷದ ನಂತರವೂ ಹಾಳೆ ಬದುಕಿತ್ತು. ದೃಷ್ಟಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಎರಡನೇ ರೋಗಿಗೂ ಕೋಶ ಸಿದ್ಧವಾಗಿತ್ತು. ಆದರೆ ಅದರ ಜೀನುಗಳಲ್ಲಿ ಮೂಲ ಚರ್ಮದಲ್ಲಿ ಕಾಣದ ಬದಲಾವಣೆಗಳು ಸಿಕ್ಕಿದ್ದರಿಂದ ತಂಡ ಕೈ ತಡೆಯಿತು. ಸ್ವಂತ ಕೋಶದ ತೊಡಕು ಇದು: ಪ್ರತಿಯೊಬ್ಬರಿಗೂ ಹೊಸದಾಗಿ ಬೆಳೆಸಬೇಕು, ಪ್ರತಿ ಸಲವೂ ಎಲ್ಲ ಪರೀಕ್ಷೆ ಮೊದಲಿನಿಂದ. ಇನ್ನೊಂದು ಸೂಕ್ಷ್ಮವೂ ಇದೆ. ನಮ್ಮ ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಎಂಬ ಭಾಗವನ್ನು ಹದ್ದುಬಸ್ತಿನಲ್ಲಿಡುವ ಸಿಎಫ್‌ಎಚ್ ಜೀನಿನ ಒಂದು ರೂಪ ಎಎಂಡಿಯ ಅಪಾಯ ಹೆಚ್ಚಿಸುತ್ತದೆಂದು 2005ರಲ್ಲಿ ಪತ್ತೆಯಾಯಿತು. ರೋಗಿಯ ಸ್ವಂತ ಕೋಶದಿಂದ ಬೆಳೆಸಿದ ಆರ್‌ಪಿಇ ಅದೇ ಜೀನನ್ನು ಹೊತ್ತೇ ಬರುತ್ತದೆ.

ಎರಡನೆಯದು ಬೇರೆಯವರದ್ದು, ಆದರೆ ಚೀಟಿ ಹೊಂದುವಂಥದ್ದು. ತಂದೆ–ತಾಯಿ ಇಬ್ಬರಿಂದಲೂ ಒಂದೇ ಬಗೆಯ ಎಚ್‌ಎಲ್‌ಎ ಪಡೆದ ಅಪರೂಪದ ದಾನಿಗಳನ್ನು ಹುಡುಕಿ ಕ್ಯೋಟೋದಲ್ಲಿ ಐಪಿಎಸ್ ಕೋಶಗಳ ದಾಸ್ತಾನು ಮಾಡಿದ್ದಾರೆ. ಅಲ್ಲಿನ ಸಾಮಾನ್ಯ ಬಗೆಯ ಒಬ್ಬ ದಾನಿಯ ಕೋಶ ಜಪಾನಿನ ಸುಮಾರು 17% ಜನಕ್ಕೆ ಹೊಂದುತ್ತದೆ. 2017ರಲ್ಲಿ ಐವರಿಗೆ ಇಂಥ ಕೋಶ ಹಾಕಿದರು. ಮೈಯೆಲ್ಲ ಹರಡುವ ಮಾತ್ರೆ ಇಲ್ಲ, ಕಣ್ಣಿಗಷ್ಟೇ ಸ್ಟೀರಾಯ್ಡ್. ಒಬ್ಬರಿಗೆ ಮಾತ್ರ ತಿರಸ್ಕಾರದ ಸಣ್ಣ ಲಕ್ಷಣ ಕಂಡಿತು, ಸ್ಥಳೀಯ ಸ್ಟೀರಾಯ್ಡಿಗೇ ಬಗ್ಗಿತು. ನಮ್ಮಲ್ಲಿ ಇದು ಅಷ್ಟು ಸಲೀಸಲ್ಲ. ತಲೆಮಾರುಗಳಿಂದ ಒಳಒಳಗೇ ಸಂಬಂಧ ಬೆಳೆಸಿಕೊಂಡು ಬಂದ ನೂರಾರು ಸಮುದಾಯಗಳ ದೇಶ ಇದು; ಎಚ್‌ಎಲ್‌ಎ ಬಗೆಗಳೂ ಅಷ್ಟೇ ವಿಂಗಡ. ಜಪಾನಿನ ಲೆಕ್ಕದ ದಾಸ್ತಾನು ಇಲ್ಲಿ ಸಾಲದು.

ಮೂರನೆಯದು, ಹೊಂದದಿದ್ದರೂ ಹಾಕಿ ಸ್ವಲ್ಪ ಕಾಲ ಔಷಧಿಯಿಂದ ತಡೆಯುವುದು. ಅಮೆರಿಕದಲ್ಲಿ 18 ಜನರಿಗೆ (ಒಂಬತ್ತು ಡ್ರೈ ಎಎಂಡಿ, ಒಂಬತ್ತು ಸ್ಟಾರ್‌ಗಾರ್ಟ್ ಎಂಬ ವಂಶಪಾರಂಪರ್ಯ ರೆಟಿನಾ ಕಾಯಿಲೆ) 50,000ದಿಂದ 1,50,000 ಕೋಶ ಹಾಕಿ, ಟ್ಯಾಕ್ರೋಲಿಮಸ್ ಮತ್ತು ಮೈಕೋಫಿನೊಲೇಟ್ ಎಂಬ ತಿರಸ್ಕಾರ ತಡೆಯುವ ಔಷಧಿ ಕೊಟ್ಟರು. ಈ ಔಷಧಿಗಳ ಕೋರ್ಸ್ ಒಟ್ಟು ಮೂರು ತಿಂಗಳ ಆಸುಪಾಸು. 2015ರ ವರದಿಯಲ್ಲಿ 13 ಜನರ ಕಣ್ಣಿನಲ್ಲಿ ಹೊಸ ಕಂದು ಕಲೆ ಬೆಳೆದಿತ್ತು, ತಿರಸ್ಕಾರ ಕಾಣಲಿಲ್ಲ. ಕ್ಯಾಲಿಫೋರ್ನಿಯಾದ ಹಾಳೆ ಪ್ರಯೋಗದಲ್ಲಿ ಔಷಧಿ ಸುಮಾರು ಎರಡು ತಿಂಗಳು. ಅದರಲ್ಲಿ ಪಾಲ್ಗೊಂಡ ಒಬ್ಬರು ಎರಡು ವರ್ಷದ ಬಳಿಕ ನ್ಯುಮೋನಿಯಾದಿಂದ ತೀರಿಕೊಂಡಾಗ ಅವರ ಕಣ್ಣು ಪರೀಕ್ಷಿಸಿದರು: ಎಚ್‌ಎಲ್‌ಎ ಹೊಂದದ ಆ ಕೋಶಗಳು ಇನ್ನೂ ಜೀವಂತವಾಗಿದ್ದವು, ಸುತ್ತ ದಾಳಿಯ ಗುರುತಿರಲಿಲ್ಲ. ಒಬ್ಬರ ಕಣ್ಣಿನ ಮಾತು ಅದು, ನಿಜ. ಆದರೂ ಈ ವಿಷಯದಲ್ಲಿ ನೇರವಾಗಿ ಕಂಡ ಸಾಕ್ಷ್ಯ ಎಷ್ಟು ಅಪರೂಪವೆಂದರೆ ಅದಕ್ಕೆ ತೂಕ ಕೊಡಲೇಬೇಕು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಬೇರೆಯವರ ಆರ್‌ಪಿಇಯನ್ನು ದೇಹ ಸುಮ್ಮನೆ ಬಿಡುತ್ತದೆಂದು ಹೇಳಲಾಗದು, ಆದರೆ ರೆಟಿನಾದ ಅಡಿಯಲ್ಲಿ ಅದನ್ನು ಕೆಲವು ವಾರ ಅಥವಾ ತಿಂಗಳ ಔಷಧಿಯಿಂದ ಸುಮ್ಮನಿರಿಸಬಹುದು. ನಿಮ್ಮ ತಂದೆಯ ಮಟ್ಟಿಗೆ ಆ ಕೋಶಕ್ಕಿಂತ ನನಗೆ ಹೆಚ್ಚು ಚಿಂತೆ ಆ ಔಷಧಿಯದು.

ಟ್ಯಾಕ್ರೋಲಿಮಸ್ ಕಿಡ್ನಿಯ ಮೇಲೆ ಭಾರ ಹಾಕುತ್ತದೆ, ಇನ್ಸುಲಿನ್ ಸ್ರವಿಸುವ ಕೋಶಗಳನ್ನೂ ಕುಗ್ಗಿಸುತ್ತದೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಸಕ್ಕರೆ ಏರಿಸುವುದು ಎಲ್ಲರಿಗೂ ಗೊತ್ತು. ಆದರೆ ಬೆಳಿಗ್ಗೆ ಮಾತ್ರೆ ನುಂಗಿದರೆ ಸಕ್ಕರೆ ಏರುವುದು ಮಧ್ಯಾಹ್ನದ ಊಟದ ಮೇಲಿಂದ ರಾತ್ರಿವರೆಗೆ ಎಂಬುದನ್ನು ಬಹಳ ಮನೆಗಳಲ್ಲಿ ಗಮನಿಸುವುದಿಲ್ಲ. ಬೆಳಗಿನ ಖಾಲಿ ಹೊಟ್ಟೆಯ ರಿಪೋರ್ಟ್ 110 ಬಂತೆಂದು ನಿಶ್ಚಿಂತರಾಗುತ್ತಾರೆ, ಸಂಜೆ 350 ಇರುತ್ತದೆ. ಲಂಡನ್ನಿನಲ್ಲಿ 6 × 3 ಮಿಲಿಮೀಟರ್ ಹಾಳೆ ಕೂರಿಸಿಕೊಂಡ ಇಬ್ಬರ ಕಥೆ 2018ರಲ್ಲಿ ಪ್ರಕಟವಾದಾಗ, ಹನ್ನೆರಡು ತಿಂಗಳಲ್ಲಿ ಒಬ್ಬರು 29, ಇನ್ನೊಬ್ಬರು 21 ಅಕ್ಷರ ಹೆಚ್ಚು ಓದಿದರೆಂಬುದು ಎಲ್ಲ ಕಡೆ ಸುದ್ದಿಯಾಯಿತು. ಅದೇ ವರದಿಯಲ್ಲಿ, ಆಪರೇಷನ್ ಹೊತ್ತಿನ ಪ್ರೆಡ್ನಿಸೊಲೋನ್‌ನಿಂದ ಒಬ್ಬರ ಸಕ್ಕರೆ ಕಾಯಿಲೆ ಬಿಗಡಾಯಿಸಿದ್ದನ್ನು ಗಂಭೀರ ತೊಂದರೆಗಳ ಪಟ್ಟಿಯಲ್ಲಿ ಬರೆದಿದ್ದಾರೆ. ಅದು ಸುದ್ದಿಯಾಗಲಿಲ್ಲ.

ಟಿಬಿಯದು ಇನ್ನೂ ಸೂಕ್ಷ್ಮ. ವಾಸಿಯಾದ ಟಿಬಿ ಪುಪ್ಪುಸದ ಮೂಲೆಯಲ್ಲಿ ಮಲಗಿರಬಹುದು. ಟಿ ಕೋಶಗಳ ಕೈಕಟ್ಟಿದರೆ ಏಳಬಹುದು. ಮಾಂಟೂ (ಚರ್ಮದ) ಅಥವಾ ಇಗ್ರಾ (ರಕ್ತದ) ಪರೀಕ್ಷೆ ಹಿಂದೆ ಟಿಬಿ ಬಂದವರಲ್ಲಿ ಬಹಳ ಸಲ ಪಾಸಿಟಿವ್ ಆಗಿಯೇ ಉಳಿಯುತ್ತದೆ, ಹಾಗಾಗಿ ಅದೊಂದರಿಂದ ಏನೂ ತೀರ್ಮಾನವಾಗದು. ಹೊಸ ಎಕ್ಸ್‌ರೇ, ಅನುಮಾನ ಬಂದರೆ ಎದೆಯ ಸಿಟಿ, ಕಫ ಪರೀಕ್ಷೆ, 2009ರ ಚಿಕಿತ್ಸಾ ಕಾರ್ಡ್ ಎಲ್ಲವನ್ನೂ ಕೂಡಿಸಿ ಎದೆರೋಗ ತಜ್ಞರು ಹೇಳಬೇಕು. ನಡುವೆ ಟಿಬಿ ಮರುಕಳಿಸಿ ರಿಫಾಂಪಿಸಿನ್ ಎಂಬ ಟಿಬಿ ಔಷಧಿ ಶುರು ಮಾಡಿದರೆ ಅದು ರಕ್ತದಲ್ಲಿನ ಟ್ಯಾಕ್ರೋಲಿಮಸ್ ಮಟ್ಟವನ್ನು ಕುಸಿಯುವಂತೆ ಮಾಡುತ್ತದೆ. ಕಸಿಗೆ ಕಾವಲೇ ಇಲ್ಲದಂತಾಗುತ್ತದೆ. ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್, ಫ್ಲೂಕೊನಜೋಲ್ ಎಂಬ ಶಿಲೀಂಧ್ರ ಸೋಂಕಿನ ಔಷಧಿ, ಚಕ್ಕೋತ ಹಣ್ಣು ಇವು ಅದರ ಉಲ್ಟಾ, ಮಟ್ಟವನ್ನು ಏರಿಸುತ್ತವೆ. ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫಿನಾಕ್, ಏಪ್ರಿಲ್–ಮೇ ತಿಂಗಳ ನಮ್ಮ ಬಿಸಿಲಿಗೆ ಮೈಯಲ್ಲಿ ನೀರಿಲ್ಲದ ಸ್ಥಿತಿ, ಮೇಲೆ ಟ್ಯಾಕ್ರೋಲಿಮಸ್: ಮೂರೂ ಸೇರಿದರೆ ಕಿಡ್ನಿಗೆ ದೊಡ್ಡ ಪೆಟ್ಟು. ಯಾವ ಪ್ರಯೋಗಕ್ಕೆ ಹೋದರೂ ಇಂಥ ಔಷಧಿ ಶುರು ಮಾಡುವ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ಅಳತೆ), ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಅಳತೆ), ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ, ಹೆಪಟೈಟಿಸ್ ಬಿ, ಎಚ್‌ಐವಿ ಆಗಿರಬೇಕು. ಇವುಗಳ ಹೆಸರೆತ್ತದ ಕಡೆ ಔಷಧಿ ಕೊಡಿಸಬೇಡಿ.

ಕಣ್ಣಿನೊಳಗೇ ಸ್ಟೀರಾಯ್ಡ್ ಇಟ್ಟರೆ ಮೈಗೆ ತೊಂದರೆ ಕಡಿಮೆ. ಆದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಕ್ಯಾಟರಾಕ್ಟ್ ಪೊರೆ ಬರುವ ಸಂಭವ ಇದೆ. ಒತ್ತಡವನ್ನು ತಿಂಗಳುಗಟ್ಟಲೆ ಅಳೆಯುತ್ತಿರಬೇಕು.

ತಿರಸ್ಕಾರ ಶುರುವಾದರೆ ಗೊತ್ತಾಗುವುದು ಹೇಗೆ? ಬಹಳ ಸಲ ನೋವೇ ಇರುವುದಿಲ್ಲ. ದೃಷ್ಟಿ ಮಸುಕು, ಹೊಸ ಚುಕ್ಕೆಗಳು ತೇಲುವುದು, ಗೆರೆ ಡೊಂಕಾಗುವುದು ರೋಗಿಗೆ ತಿಳಿಯುವ ಲಕ್ಷಣ. ಓಸಿಟಿಯಲ್ಲಿ ಕಸಿಯ ಸುತ್ತ ನೀರು, ಡೈ ಹಾಕಿ ತೆಗೆದ ಚಿತ್ರದಲ್ಲಿ ಸೋರಿಕೆ, ವಿಟ್ರಿಯಸ್‌ನಲ್ಲಿ ಉರಿಯೂತದ ಕಣ, ಕೂರಿಸಿದ ಕಂದು ಬಣ್ಣ ಮಾಸುವುದು ಡಾಕ್ಟರಿಗೆ ಕಾಣುವ ಲಕ್ಷಣ. ಮೊದಲ ಕೆಲವು ತಿಂಗಳು ಮತ್ತೆ ಮತ್ತೆ ಸ್ಕ್ಯಾನ್ ಬೇಕು. ಸಿಂಧನೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಎಷ್ಟು ಸಲ ಹೋಗಿಬರಬಲ್ಲಿರಿ, ಜೊತೆಗೆ ಯಾರು ಬರುತ್ತಾರೆ ಎಂಬುದನ್ನೂ ಮೊದಲೇ ಲೆಕ್ಕ ಹಾಕಿ. ಕೆಡುವುದೆಲ್ಲ ತಿರಸ್ಕಾರವೂ ಅಲ್ಲ. ಜಪಾನಿನ ಆ ಐವರಲ್ಲೇ ಒಬ್ಬರಿಗೆ ರೆಟಿನಾದ ಮೇಲೆ ಪೊರೆ ಬೆಳೆದು ಊತ ಬಂದು, 2018ರಲ್ಲಿ ಆಪರೇಷನ್ ಮಾಡಿ ತೆಗೆದರು. ಇಂಥ ಪೊರೆಗೆ, ತೂತಿನಿಂದ ಮೇಲಕ್ಕೆ ಜಾರಿ ಬಂದ ಬಿಡಿ ಕೋಶಗಳೂ ಕಾರಣವಾಗಬಲ್ಲವು. ಇದಕ್ಕೆ ಟ್ಯಾಕ್ರೋಲಿಮಸ್ ಎಷ್ಟು ಕೊಟ್ಟರೂ ಪ್ರಯೋಜನವಿಲ್ಲ.

ಬೆಂಗಳೂರಿನ ವಿಷಯಕ್ಕೆ ಬಂದರೆ, ಐಸ್ಟೆಮ್ ಎಂಬ ಸಂಸ್ಥೆ ಐಪಿಎಸ್ ಕೋಶದಿಂದ ಬೆಳೆಸಿದ ಆರ್‌ಪಿಇಯನ್ನು ಬಿಡಿ ಕೋಶಗಳ ರೂಪದಲ್ಲಿ ತಯಾರಿಸಿ, 2024ರಲ್ಲಿ ಕೇಂದ್ರದ ಅನುಮತಿ ಪಡೆದು ಡ್ರೈ ಎಎಂಡಿಗೆ ಮೊದಲ ಹಂತದ ಪ್ರಯೋಗಕ್ಕಿಳಿಯಿತು. ಪ್ರಯೋಗ ಎಂಬ ಪದ ಇಲ್ಲಿ ಮುಖ್ಯ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಕಾಂಡಕೋಶ ಕಸಿ ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗದ ಚೌಕಟ್ಟಿನಲ್ಲೇ ನಡೆಯಬೇಕು, ಅದಕ್ಕೆ ರೋಗಿಯಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಡಿ, ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಇದೆ. ನಾಲ್ಕು ಲಕ್ಷ ಕೇಳಿದ ಕ್ಷಣಕ್ಕೇ ಅದು ಪ್ರಯೋಗ ಅಲ್ಲ ಎಂದಾಯಿತು.

ನಿಮಗೆ ಯಾರಾದರೂ ‘ಇದು ಟ್ರಯಲ್’ ಎಂದರೆ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ಎಂದು ಶುರುವಾಗಿ ವರ್ಷ, ತಿಂಗಳು, ಅಂಕಿ ಇರುವ ನೋಂದಣಿ ಸಂಖ್ಯೆ ಕೇಳಿ, ಸಿಟಿಆರ್‌ಐ ವೆಬ್‌ಸೈಟಿನಲ್ಲಿ ತೆರೆದು ನೋಡಿ. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಸರ್ಕಾರ ಒಪ್ಪಿದೆ ಎಂದಲ್ಲ. ಔಷಧ ನಿಯಂತ್ರಕರ ಅನುಮತಿಯ ಸಾಲು, ನೈತಿಕ ಸಮಿತಿಯ ಸಾಲು ಎರಡನ್ನೂ ಓದಿ. ಕೋಶ ಯಾವುದರಿಂದ ಬಂತು, ವಿಟ್ರಿಯಸ್‌ಗೋ ರೆಟಿನಾದ ಅಡಿಗೋ, ಎಷ್ಟು ಕೋಶ, ತಿರಸ್ಕಾರ ತಡೆಗೆ ಯಾವ ಔಷಧಿ ಎಷ್ಟು ವಾರ, ಆ ಅವಧಿಯಲ್ಲಿ ಸಕ್ಕರೆ–ಕಿಡ್ನಿ ನೋಡುವ ಫಿಸಿಷಿಯನ್ ಯಾರು, ಒಪ್ಪಿಗೆ ಪತ್ರ ಕನ್ನಡದಲ್ಲಿ ಇದೆಯೇ, ಇಷ್ಟು ಕೇಳಿದರೆ ಸಾಕು. ಸರಿಯಾದ ಜಾಗದವರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ.

ನಿಮ್ಮ ತಂದೆ ಈಗ ಇಂಥ ಪ್ರಯೋಗಕ್ಕೆ ಸೇರುವರೇ ಎಂದರೆ, ಕಷ್ಟ. ಮೊದಲ ಹಂತದಲ್ಲಿ ಸಾಮಾನ್ಯವಾಗಿ ಹೆಚ್ಚು ಹಾಳಾದ ಕಣ್ಣನ್ನು ಆರಿಸುತ್ತಾರೆ. ಅವರ ಬಲಗಣ್ಣಿನಲ್ಲಿರುವುದು ವೆಟ್‌ನ ಹಳೇ ಕಲೆ. ಅದರ ಮೇಲಿನ ಬೆಳಕುಕೋಶಗಳೇ ಸತ್ತಿದ್ದರೆ ಕೆಳಗೆ ಹೊಸ ಚಾಕರನನ್ನಿಟ್ಟು ಉಪಯೋಗವಿಲ್ಲ. ಎಡಗಣ್ಣು 6/18 ಇರುವಾಗ ಅದನ್ನು ಪ್ರಯೋಗಕ್ಕೆ ಒಡ್ಡುವುದು ತಪ್ಪು. ಕೊಬ್ಬಿನ ಇಂಜೆಕ್ಷನ್ ಒಮ್ಮೆ ಹಾಕಿಸಿಕೊಂಡ ಕಣ್ಣಿಗೆ ಮುಂದೆ ನಿಜವಾದ ಪ್ರಯೋಗದ ಬಾಗಿಲು ಮುಚ್ಚುವ ಸಂಭವವೂ ಇದೆ.

ಎಡಗಣ್ಣಿಗೆ ಇವತ್ತು ಮಾಡಬಹುದಾದ ಕೆಲಸ ಇದೆ. ಕಾಂಪ್ಲಿಮೆಂಟ್ ತಡೆಯುವ ಪೆಗ್‌ಸೆಟಕೊಪ್ಲಾನ್, ಅವಾಸಿನ್‌ಕ್ಯಾಪ್ಟಾಡ್ ಎಂಬ ಎರಡು ಇಂಜೆಕ್ಷನ್‌ಗಳಿಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿದೆ. ಬೋಳು ಹಬ್ಬುವುದನ್ನು ನಿಧಾನ ಮಾಡುತ್ತವೆ, ಹೋದ ದೃಷ್ಟಿ ತರುವುದಿಲ್ಲ. ಅದಕ್ಕಿಂತ ಕೈಗೆಟುಕುವುದು ಏರೆಡ್ಸ್–2 ಎಂಬ ಅಮೆರಿಕದ ಅಧ್ಯಯನದ ಸೂತ್ರದ ವಿಟಮಿನ್ ಮಾತ್ರೆ: ದಿನಕ್ಕೆ ವಿಟಮಿನ್ ಸಿ 500 ಮಿಲಿಗ್ರಾಂ, ವಿಟಮಿನ್ ಇ 400 ಯೂನಿಟ್, ಸತು 80 ಮಿಲಿಗ್ರಾಂ, ತಾಮ್ರ 2 ಮಿಲಿಗ್ರಾಂ, ಲ್ಯೂಟಿನ್ 10, ಜಿಯಾಕ್ಸಾಂಥಿನ್ 2 ಮಿಲಿಗ್ರಾಂ. 2024ರಲ್ಲಿ ಹಳೇ ಅಧ್ಯಯನದ ಚಿತ್ರಗಳನ್ನು ಮತ್ತೆ ಅಳೆದಾಗ, ನಡುಬಿಂದು ಉಳಿದಿರುವ ಕಣ್ಣುಗಳಲ್ಲಿ ಬೋಳು ಆ ಕಡೆ ಸರಿಯುವ ವೇಗ ಇದರಿಂದ ಕಡಿಮೆಯಾಗಿತ್ತು. ನಿಮ್ಮ ತಂದೆಯ ವರದಿಯೂ ಅದೇ ಬಗೆಯದು. ಡಬ್ಬಿಯ ಮೇಲೆ ಕಣ್ಣಿನ ಚಿತ್ರ ಇದ್ದ ಮಾತ್ರಕ್ಕೆ ಈ ಪ್ರಮಾಣ ಇರುವುದಿಲ್ಲ, ಹಿಂದಿನ ಚೀಟಿ ಓದಿ ಹೋಲಿಸಿ. ಬೀಡಿ ಸೇದುತ್ತಿದ್ದರೆ ಅಥವಾ ಹಿಂದೆ ಸೇದಿದ್ದರೆ ಬೀಟಾ ಕ್ಯಾರೋಟಿನ್ ಇರುವುದು ಬೇಡ, ಪುಪ್ಪುಸದ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತದೆ. ಶುರು ಮಾಡುವ ಮೊದಲು ಕಿಡ್ನಿ ರಿಪೋರ್ಟ್ ಡಾಕ್ಟರಿಗೆ ತೋರಿಸಿ.

ಒಂದು ಕಣ್ಣಿಗೆ ವೆಟ್ ಬಂದವರ ಇನ್ನೊಂದು ಕಣ್ಣಿಗೂ ಅದು ಬರುವ ಸಂಭವ ಹೆಚ್ಚು. ಅದನ್ನು ಮನೆಯಲ್ಲೇ ಹಿಡಿಯಬಹುದು. ಬಿಳಿ ಹಾಳೆಯ ಮೇಲೆ 10 ಸೆಂಟಿಮೀಟರ್ ಚೌಕ ಬರೆದು, 5 ಮಿಲಿಮೀಟರಿಗೊಂದು ಗೆರೆ ಎಳೆದು, ನಡುವೆ ಚುಕ್ಕೆ ಇಟ್ಟು ಗೋಡೆಗೆ ಅಂಟಿಸಿ. ಓದುವ ಕನ್ನಡಕ ಹಾಕಿಕೊಂಡು, ಒಂದಡಿ ದೂರದಲ್ಲಿ ನಿಂತು, ಬಲಗಣ್ಣನ್ನು ಒತ್ತದೆ ಅಂಗೈಯಿಂದ ಮುಚ್ಚಿ, ಎಡಗಣ್ಣಿನಿಂದ ಚುಕ್ಕೆಯನ್ನೇ ದಿಟ್ಟಿಸಲಿ. ಈಗ ಎಲ್ಲಿ ಮಸುಕಿದೆ ಎಂಬುದನ್ನು ಪೆನ್ಸಿಲ್ಲಿನಿಂದ ಗುರುತು ಹಾಕಿ ತಾರೀಕು ಬರೆಯಿರಿ. ಆಮೇಲೆ ದಿನವೂ ಬೆಳಿಗ್ಗೆ ಹೋಲಿಸಿ. ಗೆರೆ ಹೊಸದಾಗಿ ಡೊಂಕಾಗಿ ಕಂಡರೆ ಮುಂದಿನ ಸಂತೆ ದಿನದವರೆಗೆ ಕಾಯದೆ ಒಂದೆರಡು ದಿನದೊಳಗೆ ರೆಟಿನಾ ತಜ್ಞರ ಹತ್ತಿರ ಹೋಗಿ. ಬೆವಾಸಿಜುಮಾಬ್, ರಾನಿಬಿಜುಮಾಬ್ ಇಂಜೆಕ್ಷನ್‌ಗಳು ಸೋರಿಕೆ ಹೊಸದಿರುವಾಗ ಚೆನ್ನಾಗಿ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ ಮೊದಲು ತಿಂಗಳಿಗೊಂದರಂತೆ ಮೂರು. ಹೋಗುವಾಗ ಹಳೇ ಓಸಿಟಿಯ ಪ್ರಿಂಟ್ ಜೊತೆಗೆ ಅದರ ಸಿಡಿ ಅಥವಾ ಪೆನ್‌ಡ್ರೈವ್ ಪ್ರತಿಯನ್ನೂ ಒಯ್ಯಿರಿ. ಬೋಳಿನ ಅಂಚು ಆರು ತಿಂಗಳಲ್ಲಿ ಎಷ್ಟು ಸರಿದಿದೆ ಎಂದು ಅಳೆಯಲು ಪ್ರಿಂಟ್ ಸಾಲದು.